ಹಾಲಿನ ಚಹಾ ಕುದಿಯುವ ಮನೆಯಲ್ಲಿ ಎಲೆಚಹಾ ಮಾಡುವುದು ಹೇಗೆ?

ಪ್ರಶ್ನೆ: ಎಳೆಚಿಗುರು (ಬೆಂಗಳೂರು)

ನಮ್ಮ ಮನೆಯಲ್ಲಿ ಬೆಳಿಗ್ಗೆ ಮತ್ತು ಸಂಜೆ ಎರಡು ಹೊತ್ತೂ ಶುಂಠಿ ಜಜ್ಜಿ ಹಾಕಿ, ಹಾಲು ಬೆರೆಸಿ ಕುದಿಸಿದ ಚಹಾ ಆಗುತ್ತದೆ. ಅದು ಎಲ್ಲರಿಗೂ ಇಷ್ಟ, ಅದನ್ನು ಬಿಡುವ ಯೋಚನೆ ಯಾರಿಗೂ ಇಲ್ಲ. ಈಚೆಗೆ ನೀಲಗಿರಿ ಕಡೆಯ ಬಂಧುಗಳು ಅಲ್ಲಿಯ ಉದ್ದ ಎಲೆಯ ಕಪ್ಪು ಚಹಾ ಮತ್ತು ಹಸಿರು ಚಹಾ ತಂದುಕೊಟ್ಟಿದ್ದಾರೆ. ಡಾರ್ಜಿಲಿಂಗಿನ ಮೊದಲ ಕೊಯ್ಲಿನದೆಂದು ಬರೆದಿರುವ ಒಂದು ಸಣ್ಣ ಪೊಟ್ಟಣವೂ ಜೊತೆಗಿದೆ. ಪೊಟ್ಟಣಗಳ ಮೇಲೆ ಬಿಸಿನೀರಿನಲ್ಲಿ ನೆನೆಸಬೇಕೆಂಬುದನ್ನು ಬಿಟ್ಟರೆ ಹೆಚ್ಚಿನ ವಿವರವಿಲ್ಲ. ಮೂರನ್ನೂ ಒಂದೇ ರೀತಿಯಲ್ಲಿ ಮಾಡಬಹುದೇ, ಅಥವಾ ಒಂದೊಂದಕ್ಕೂ ಬೇರೆ ಹದವಿದೆಯೇ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು, ಹಸಿರು ಚಹಾದ ಕಹಿಯ ಬಗ್ಗೆ. ಅದು ಆ ಚಹಾದ ಸಹಜ ಗುಣವೋ, ಮಾಡುವ ವಿಧಾನದಿಂದ ಬರುವುದೋ ತಿಳಿಯುತ್ತಿಲ್ಲ. ಮೂರನೆಯದು ನೀರಿನ ವಿಚಾರ. ನಮಗೆ ಕೆಲವು ದಿನ ಕಾವೇರಿ ನೀರು, ಕೆಲವು ದಿನ ಬೋರ್‌ವೆಲ್ ನೀರು ಬರುತ್ತದೆ. ಬೋರ್‌ವೆಲ್ ನೀರಿನ ದಿನ ಹಾಲಿಲ್ಲದ ಚಹಾದ ಮೇಲೆ ಎಣ್ಣೆಯ ಪೊರೆಯಂತಹ ತೆಳುವಾದ ಪದರ ಕಟ್ಟುತ್ತದೆ, ಬಣ್ಣವೂ ಮಂಕಾಗಿರುತ್ತದೆ. ಮನೆಯಲ್ಲಿ ಉಷ್ಣಮಾಪಕವಿಲ್ಲ, ಅದನ್ನು ಕೊಳ್ಳದೆಯೇ ಮಾಡುವ ದಾರಿಯಿದ್ದರೆ ಒಳ್ಳೆಯದು. ತಿಳಿದವರು ಕಾರಣಸಹಿತ ವಿವರಿಸಿದರೆ ಉಪಕಾರವಾಗುತ್ತದೆ. ಬರಿಯ ಅಳತೆಗಳಿಗಿಂತ, ಏಕೆ ಹಾಗೆ ಮಾಡಬೇಕೆಂಬುದು ತಿಳಿದರೆ ನೆನಪಿನಲ್ಲಿ ಉಳಿಯುತ್ತದೆ.

ಉತ್ತರ 1: ನೀಲಗಿರಿವಾಸಿ (ಕೂನೂರು)

ನಿಮ್ಮ ಮನೆಯ ಚಹಾಪುಡಿ, ಈಗ ಬಂದಿರುವ ಕಪ್ಪು ಚಹಾ, ಹಸಿರು ಚಹಾ ಎಲ್ಲವೂ ಕಮೆಲಿಯಾ ಸೈನೆನ್ಸಿಸ್ ಎಂಬ ಒಂದೇ ಜಾತಿಯ ಗಿಡದ ಚಿಗುರುಗಳೇ. ಅಸ್ಸಾಮಿನ ಅಗಲ ಎಲೆಯ ತಳಿ, ಚೀನಾದ ಕಿರಿಯ ಎಲೆಯ ತಳಿ ಎಂಬ ಭೇದವಿದೆ, ಮಣ್ಣು ಮತ್ತು ಎತ್ತರದ ಪ್ರಭಾವವೂ ಇದೆ. ಆದರೆ ಲೋಟದಲ್ಲಿ ನಮಗೆ ಕಾಣುವ ದೊಡ್ಡ ವ್ಯತ್ಯಾಸ ಹುಟ್ಟುವುದು ಕಾರ್ಖಾನೆಯೊಳಗೆ. ಅದನ್ನು ತಿಳಿದುಕೊಂಡರೆ ಎಷ್ಟು ಬಿಸಿ, ಎಷ್ಟು ಹೊತ್ತು ಎಂಬ ಪ್ರಶ್ನೆಗಳಿಗೆ ಅರ್ಧ ಉತ್ತರ ಸಿಕ್ಕಂತೆ.

ಕಿತ್ತು ತಂದ ಎರಡೆಲೆ ಒಂದು ಮೊಗ್ಗಿನ ಚಿಗುರನ್ನು ಉದ್ದವಾದ ತೊಟ್ಟಿಗಳ ಮೇಲೆ ಹರಡಿ, ಕೆಳಗಿನಿಂದ ಗಾಳಿ ಹಾಯಿಸಿ ಬಾಡಿಸುತ್ತಾರೆ. ಬಾಡಿದ ಎಲೆ ಬೆರಳುಗಳ ನಡುವೆ ಮುರಿಯದೆ ಮಡಚಿಕೊಳ್ಳುತ್ತದೆ, ಹಸಿ ಸೊಪ್ಪಿನ ವಾಸನೆ ಹೋಗಿ ಹಣ್ಣಿನಂತಹ ಕಂಪು ಬರತೊಡಗುತ್ತದೆ. ಇಲ್ಲಿಂದ ದಾರಿ ಕವಲೊಡೆಯುತ್ತದೆ. ನಾವು ಹಾಲಿಗೆ ಬಳಸುವ ಕಾಳುಕಾಳಾದ ಪುಡಿ ಸಿಟಿಸಿ ವಿಧಾನದ್ದು. ಎಲೆಯನ್ನು ಚೂಪು ಹಲ್ಲುಗಳಿರುವ ಜೋಡಿ ರೋಲರುಗಳ ನಡುವೆ ಹಾಯಿಸಿ ಜಜ್ಜಿ, ಹರಿದು, ಸುರುಳಿಸುವ ಈ ಕ್ರಮ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ರೂಪುಗೊಂಡಿತು, ಇಂದು ಭಾರತದ ಚಹಾದ ಬಹುಪಾಲು ತಯಾರಾಗುವುದು ಹೀಗೆಯೇ. ಎಲೆಯ ಕೋಶಗಳೆಲ್ಲ ಹರಿದುಹೋಗಿರುವುದರಿಂದ ಬಣ್ಣವೂ ಕಡುಪೂ ನೀರಿಗೆ ಒಂದೆರಡು ನಿಮಿಷದಲ್ಲೇ ಇಳಿಯುತ್ತವೆ. ಹಾಲಿನ ಕೇಸೀನ್ ಎಂಬ ಪ್ರೋಟೀನು ಚಹಾದ ಒಗರನ್ನು ಹಿಡಿದುಕೊಂಡು ಮೃದುಗೊಳಿಸಿದ ಮೇಲೂ ಅದರಲ್ಲಿ ರುಚಿ ಉಳಿಯುವುದು ಈ ಕಡುಪಿನಿಂದಲೇ.

ನಿಮಗೆ ಬಂದಿರುವ ಉದ್ದ ಎಲೆಯ ಚಹಾ ಆರ್ಥೊಡಾಕ್ಸ್ ವಿಧಾನದ್ದು. ಇಲ್ಲಿ ಬಾಡಿದ ಎಲೆಯನ್ನು ಹರಿಯದೆ, ಒತ್ತಿ ಹೊಸೆಯುತ್ತಾರೆ. ಎಲೆಯ ರಸ ಹೊರಬಂದು ಗಾಳಿಯೊಡನೆ ಸೇರಿ ನಿಧಾನವಾಗಿ ಆಕ್ಸೀಕರಣವಾಗುತ್ತದೆ, ಹಸಿರು ತಾಮ್ರವರ್ಣಕ್ಕೆ ತಿರುಗುತ್ತದೆ, ಆಮೇಲೆ ಬಿಸಿಗಾಳಿಯಲ್ಲಿ ಒಣಗಿಸಿ ತೇವಾಂಶವನ್ನು ಶೇ 3ರ ಆಸುಪಾಸಿಗೆ ಇಳಿಸುತ್ತಾರೆ. ಎಲೆ ಬಹುಮಟ್ಟಿಗೆ ಇಡಿಯಾಗಿರುವುದರಿಂದ ರುಚಿ ಬಿಡಲು ಹೆಚ್ಚು ಹೊತ್ತು ಬೇಕು, ಆದರೆ ಆ ಎಲೆಯ ಬೆಲೆಯಿರುವುದೇ ಅದರ ಘಮದಲ್ಲಿ. ಒಲೆಯ ಮೇಲೆ ಕುದಿಸಿದರೆ ಆ ಘಮ ಆವಿಯ ಜೊತೆ ಹೋಗಿಬಿಡುತ್ತದೆ, ಒಗರು ಮಾತ್ರ ಪೂರ್ತಿಯಾಗಿ ಇಳಿದುಬರುತ್ತದೆ. ಎಲೆಚಹಾವನ್ನು ಒಲೆಯ ಮೇಲೆ ಇಡಬಾರದು, ಒಲೆಯಿಂದ ಇಳಿಸಿದ ನೀರನ್ನು ಎಲೆಯ ಮೇಲೆ ಸುರಿಯಬೇಕು ಎಂದು ನಾನು ಎಲ್ಲರಿಗೂ ಒತ್ತಿ ಹೇಳುವುದು ಇದಕ್ಕಾಗಿಯೇ.

ಹಸಿರು ಚಹಾದಲ್ಲಿ ಆಕ್ಸೀಕರಣವೇ ನಡೆಯದಂತೆ ಮೊದಲಿಗೇ ಎಲೆಗೆ ಶಾಖ ಕೊಟ್ಟು ಅದರ ಕಿಣ್ವಗಳನ್ನು ನಿಲ್ಲಿಸಿರುತ್ತಾರೆ. ಹಾಗಾಗಿ ಕ್ಯಾಟೆಕಿನ್ ಎಂಬ ಒಗರು ಪದಾರ್ಥಗಳು ಬದಲಾಗದೆ ಹಾಗೆಯೇ ಉಳಿದಿರುತ್ತವೆ. ನೀರು ಹೆಚ್ಚು ಬಿಸಿಯಾದಷ್ಟೂ ಅವು ಮತ್ತು ಕೆಫೀನ್ ಬೇಗನೆ ಇಳಿಯುತ್ತವೆ. ಸಿಹಿಯ ಛಾಯೆ ಕೊಡುವ ಥಿಯನೀನ್ ಮುಂತಾದ ಅಮೈನೋ ಆಮ್ಲಗಳು ಕಡಿಮೆ ಬಿಸಿಯಲ್ಲೂ ಚೆನ್ನಾಗಿ ಇಳಿಯುತ್ತವೆ. ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಸ್ಪಷ್ಟ: ಸಣ್ಣ ಕಹಿ ಹಸಿರು ಚಹಾದಲ್ಲಿ ಇದ್ದೇ ಇರುತ್ತದೆ, ಮುಖ ಕಿವುಚುವಷ್ಟು ಕಹಿ ಬಂದರೆ ಅದು ಕುದಿನೀರಿನ ಪರಿಣಾಮ. 75ರಿಂದ 80 ಡಿಗ್ರಿ ಸೆಲ್ಸಿಯಸ್ ನೀರು, 2 ನಿಮಿಷ, ಅಷ್ಟರಲ್ಲಿ ಎಲೆಯನ್ನು ನೀರಿನಿಂದ ಬೇರ್ಪಡಿಸಿ.

ಉಷ್ಣಮಾಪಕವಿಲ್ಲದೆ ಇದನ್ನು ಸಾಧಿಸುವುದು ಕಷ್ಟವಲ್ಲ. ಕುದಿದ ನೀರನ್ನು ತಣ್ಣಗಿರುವ ಒಂದು ಪಾತ್ರೆಗೆ ಸುರಿದರೆ ಸುಮಾರು 8ರಿಂದ 10 ಡಿಗ್ರಿ ಇಳಿಯುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ನಿಮ್ಮಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಹತ್ತಿರ; ನಮ್ಮ ಕೂನೂರಿನಲ್ಲಿ 94ರ ಆಸುಪಾಸು. ಎರಡು ಸಲ ಪಾತ್ರೆ ಬದಲಾಯಿಸಿದರೆ ನಿಮ್ಮ ನೀರು ಹಸಿರು ಚಹಾಕ್ಕೆ ಸಿದ್ಧ. ಒಂದೇ ಸಲ ಬದಲಾಯಿಸಿದರೆ ಡಾರ್ಜಿಲಿಂಗಿನ ಮೊದಲ ಕೊಯ್ಲಿಗೆ ಸರಿಹೋಗುತ್ತದೆ. ಆ ಚಹಾ ಹೆಸರಿಗೆ ಕಪ್ಪು ಚಹಾವಾದರೂ ಚಳಿಗಾಲ ಕಳೆದು ಮಾರ್ಚ್, ಏಪ್ರಿಲ್‌ನಲ್ಲಿ ಬರುವ ಎಳೆಯ ಚಿಗುರು ಅದು. ಅದನ್ನು ಬಹಳ ಬಾಡಿಸುವುದರಿಂದ ಆಕ್ಸೀಕರಣ ಪೂರ್ತಿಯಾಗುವುದಿಲ್ಲ, ಒಣ ಎಲೆಯಲ್ಲೇ ಹಸಿರು ಚೂರುಗಳು ಕಾಣುತ್ತವೆ. 85ರಿಂದ 90 ಡಿಗ್ರಿ ನೀರಿನಲ್ಲಿ 3 ನಿಮಿಷ ಇಟ್ಟರೆ ಹೊಂಬಣ್ಣದ, ಹೂವಿನ ಕಂಪಿನ ಚಹಾ ಬರುತ್ತದೆ. ಮೇ, ಜೂನ್‌ನ ಎರಡನೆಯ ಕೊಯ್ಲು ಸಿಕ್ಕರೆ ಅದಕ್ಕೆ ಇನ್ನಷ್ಟು ಬಿಸಿ ನೀರು ಹಾಕಬಹುದು. ಜಿಗಿಹುಳುಗಳು ಚಿಗುರಿನ ರಸ ಹೀರಿದಾಗ ಗಿಡ ತೋರುವ ಪ್ರತಿಕ್ರಿಯೆಯಿಂದ ಆ ಕೊಯ್ಲಿಗೆ ದ್ರಾಕ್ಷಿಯನ್ನು ನೆನಪಿಸುವ ವಿಶೇಷ ಪರಿಮಳ ಬರುತ್ತದೆ. ಎರಡಕ್ಕೂ ಹಾಲು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ನೀಲಗಿರಿಯ ಕಪ್ಪು ಚಹಾಕ್ಕೆ ಈಗಷ್ಟೇ ಕುದಿದ ನೀರೇ ಆಗಬೇಕು. ಒಂದು ಲೋಟಕ್ಕೆ, ಅಂದರೆ ಸುಮಾರು 150 ಮಿಲಿಲೀಟರಿಗೆ, 2 ಗ್ರಾಂ ಎಲೆ ಸಾಕು. ಚಮಚದ ಲೆಕ್ಕ ಇಲ್ಲಿ ಮೋಸ ಮಾಡುತ್ತದೆ. ಪುಡಿಚಹಾ ಒಂದು ಚಮಚಕ್ಕೆ ಭಾರವಾಗಿ ತೂಗುತ್ತದೆ, ಉದ್ದ ಎಲೆ ಉಬ್ಬಿಕೊಂಡಿರುವುದರಿಂದ ಒಂದೂವರೆ, ಎರಡು ಚಮಚ ಹಾಕಿದರೂ ಅಷ್ಟು ತೂಕ ಬರುವುದಿಲ್ಲ. ಪಿಂಗಾಣಿ ಅಥವಾ ಗಾಜಿನ ಪಾತ್ರೆಯನ್ನು ಮೊದಲು ಬಿಸಿನೀರಿನಿಂದ ತೊಳೆದು ಬೆಚ್ಚಗೆ ಮಾಡಿ, ಎಲೆ ಹಾಕಿ, ನೀರು ಸುರಿದು, ಮುಚ್ಚಳ ಮುಚ್ಚಿ 3ರಿಂದ 4 ನಿಮಿಷ ಬಿಡಿ. ಸೋಸಿದ ಮೇಲೆ ಒದ್ದೆ ಎಲೆಯನ್ನು ಎಸೆಯುವ ಮೊದಲು ಒಮ್ಮೆ ಮುಚ್ಚಳದ ಮೇಲೆ ಹರಡಿ ನೋಡಿ. ಇಲ್ಲಿಯ ರುಚಿಗಾರರು ಮಾಡುವುದೂ ಅದನ್ನೇ: ಕಪ್ಪಿನ ಚಹಾದ ಪಕ್ಕದಲ್ಲೇ ಅದರ ಒದ್ದೆ ಎಲೆಯನ್ನು ಮಗುಚಿದ ಮುಚ್ಚಳದ ಮೇಲಿಟ್ಟು ಬಣ್ಣ ನೋಡುತ್ತಾರೆ, ಮೂಗಿಗೆ ಹಿಡಿಯುತ್ತಾರೆ. ಹೊಸ ತಾಮ್ರದ ನಾಣ್ಯದ ಬಣ್ಣವಿದ್ದು ಹಣ್ಣಿನ ಕಂಪು ಬರುತ್ತಿದ್ದರೆ ಚಹಾ ಒಳ್ಳೆಯದು. ಮಂಕು ಕಂದು ಬಣ್ಣ, ಮುಗ್ಗಲು ವಾಸನೆ ಇದ್ದರೆ ಹಳೆಯ ದಾಸ್ತಾನು. ರುಚಿ ಪರೀಕ್ಷೆಗಾಗಿಯೇ ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಮಾನಕವಿದೆ, ಅದರಂತೆ 100 ಮಿಲಿಲೀಟರಿಗೆ 2 ಗ್ರಾಂ, 6 ನಿಮಿಷ. ಅದನ್ನು ಮನೆಯಲ್ಲಿ ಅನುಸರಿಸಬೇಡಿ. ದೋಷಗಳು ಎದ್ದು ಕಾಣಲೆಂದೇ ಅಷ್ಟು ಕಡುವಾಗಿ ಮಾಡುವ ವಿಧಾನ ಅದು.

ಇನ್ನೊಂದು ಮಾತು. ಇಲ್ಲಿ ಡಿಸೆಂಬರಿನಿಂದ ಫೆಬ್ರುವರಿಯವರೆಗೆ ರಾತ್ರಿ ಹಿಮ ಬೀಳುವ ದಿನಗಳಲ್ಲಿ ಗಿಡ ನಿಧಾನವಾಗಿ ಚಿಗುರುತ್ತದೆ, ಆಗಿನ ಚಹಾ ವರ್ಷದ ಉಳಿದ ಚಹಾಕ್ಕಿಂತ ಹೆಚ್ಚು ಪರಿಮಳವುಳ್ಳದ್ದು. ಕನ್ನಡಕ್ಕೆ ಬಹಳ ಹತ್ತಿರದ ನುಡಿಯಾಡುವ ಬಡಗರಲ್ಲಿ ಅನೇಕರು ಇಲ್ಲಿ ಸಣ್ಣ ಹಿಡುವಳಿಯ ಚಹಾ ಬೆಳೆಗಾರರು. ನೀವು ಈ ಕಡೆ ಬಂದಾಗ ಕನ್ನಡದಲ್ಲೇ ವಿಚಾರಿಸಿಕೊಂಡು ಆ ಚಳಿಗಾಲದ ಚಹಾ ಕೊಳ್ಳಿ ಎಂದು ಮನಸಾರೆ ಹೇಳುತ್ತೇನೆ.

ಉತ್ತರ 2: ಮಾಳಮಡ್ಡಿ (ಧಾರವಾಡ)

ಮೇಲಿನ ಉತ್ತರದ ಎಲ್ಲ ಮಾತುಗಳನ್ನೂ ಒಪ್ಪುತ್ತೇನೆ. ಆದರೆ ಎಲೆಚಹಾದ ಚರ್ಚೆಯಲ್ಲಿ ಹಾಲಿನ ಚಹಾವನ್ನು ಹೇಗೆ ಮಾಡಿದರೂ ಆಗುತ್ತದೆ ಎಂಬ ಭಾವನೆ ಬರಬಾರದು. ಅದಕ್ಕೂ ಅದರದೇ ಹದವಿದೆ, ಅದನ್ನು ತಪ್ಪಿದರೆ ಒಳ್ಳೆಯ ಪುಡಿಯೂ ಕೆಡುತ್ತದೆ. ನಮ್ಮ ಕಡೆ ಚಹಾ ಸಣ್ಣ ಕಪ್ಪಿನಲ್ಲಿ, ಕಡುವಾಗಿ, ಸಿಹಿ ಮುಂದಾಗಿ ಇರಬೇಕು. ಎಮ್ಮೆಯ ಹಾಲು ಬಳಸುವ ಮನೆಗಳಲ್ಲಿ ಹಾಲಿಗಿಂತ ನೀರಿನ ಪ್ರಮಾಣ ಸ್ವಲ್ಪ ಹೆಚ್ಚಿರುತ್ತದೆ.

ಎರಡು ದೊಡ್ಡ ಕಪ್ಪಿಗೆ ಒಂದೂಕಾಲು ಕಪ್ ನೀರು ಇಟ್ಟು, ಜಜ್ಜಿದ ಹಸಿ ಶುಂಠಿಯನ್ನು ಮೊದಲು ನೀರಿನಲ್ಲಿಯೇ 3, 4 ನಿಮಿಷ ಚೆನ್ನಾಗಿ ಮರಳಿಸಬೇಕು. ಶುಂಠಿಯನ್ನು ನೇರವಾಗಿ ಹಾಲಿಗೆ ಹಾಕಿದರೆ ಹಾಲು ಒಡೆಯುವುದು ಅನೇಕ ಮನೆಗಳ ಅನುಭವ. ಇದಕ್ಕೆ ಹಾಲು ಹಳೆಯದೆಂದು ದೂರುವವರೇ ಹೆಚ್ಚು, ಆದರೆ ಹಸಿ ಶುಂಠಿಯಲ್ಲಿ ಜಿಂಜಿಬೇನ್ ಎಂಬ, ಪ್ರೋಟೀನನ್ನು ಕತ್ತರಿಸುವ ಕಿಣ್ವವಿದೆ. ಹಾಲು ಬೆಚ್ಚಗಾಗಿ ಇನ್ನೂ ಕುದಿಯದ ಹಂತದಲ್ಲಿ ಅದು ಚುರುಕಾಗಿ ಕೆಲಸ ಮಾಡುತ್ತದೆ. ಕುದಿನೀರಿನಲ್ಲಿ ಬೆಂದ ಶುಂಠಿಯಲ್ಲಿ ಆ ಕಿಣ್ವ ನಿಷ್ಕ್ರಿಯವಾಗಿರುವುದರಿಂದ ಆಮೇಲೆ ಹಾಲು ಹಾಕಿದರೆ ತೊಂದರೆಯಿಲ್ಲ. ಶುಂಠಿ ಬೆಂದ ಮೇಲೆ ಸಮ ಚಮಚ ಲೆಕ್ಕದಲ್ಲಿ ಎರಡು ಚಮಚ ಪುಡಿ ಹಾಕಿ, ಎರಡು ನಿಮಿಷ ಕುದಿಸಿ, ಬೇರೆ ಒಲೆಯಲ್ಲಿ ಕಾಯಿಸಿಟ್ಟ ಮುಕ್ಕಾಲು ಕಪ್ ಬಿಸಿ ಹಾಲು ಸುರಿಯಬೇಕು. ತಣ್ಣನೆಯ ಹಾಲು ಸುರಿದರೆ ಕುದಿ ನಿಂತು, ಮತ್ತೆ ಕುದಿ ಬರುವಷ್ಟರಲ್ಲಿ ಪುಡಿ ಹೆಚ್ಚು ಹೊತ್ತು ನೆನೆದು ಒಗರು ಏರುತ್ತದೆ. ಹಾಲು ಹಾಕಿದ ಮೇಲೆ ಎರಡು ಸಲ ಉಕ್ಕು ಬಂದು ಇಳಿದರೆ ಸಾಕು. ಹತ್ತಿಪ್ಪತ್ತು ನಿಮಿಷ ಕಾಯಿಸಿದರೆ ಚಹಾ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಸರಿಯಲ್ಲ. ಹಾಗೆ ಕಾಯಿಸಿದಾಗ ಗಟ್ಟಿಯಾಗುವುದು ಹಾಲು, ಚಹಾ ಅಲ್ಲ.

ಏಲಕ್ಕಿಯನ್ನು ಶುಂಠಿಯ ಜೊತೆ ಹಾಕಬಾರದು, ಇಳಿಸುವ ಮುನ್ನ ಕುಟ್ಟಿ ಹಾಕಿ ಮುಚ್ಚಿಡಬೇಕು, ಅದರ ಘಮ ಬಹಳ ಬೇಗ ಹಾರುತ್ತದೆ. ಬೆಲ್ಲದ ಚಹಾ ಮಾಡುವವರು ಬೆಲ್ಲವನ್ನು ಹಾಲಿನ ಜೊತೆ ಕುದಿಸಲೇಬಾರದು. ಬೆಲ್ಲದಲ್ಲಿ ಅಲ್ಪಸ್ವಲ್ಪ ಹುಳಿಯ ಅಂಶವೂ ಖನಿಜಗಳೂ ಇರುವುದರಿಂದ ಕುದಿಯುವ ಹಾಲು ಒಡೆಯುತ್ತದೆ. ಪುಡಿ ಮಾಡಿದ ಬೆಲ್ಲವನ್ನು ಕಪ್ಪಿನ ತಳದಲ್ಲಿ ಹಾಕಿ, ಒಲೆಯಿಂದ ಇಳಿಸಿದ ಚಹಾವನ್ನು ಅರ್ಧ ನಿಮಿಷ ಬಿಟ್ಟು ಅದರ ಮೇಲೆ ಸೋಸಿದರೆ ಒಡೆಯುವ ಭಯ ಬಹುಮಟ್ಟಿಗೆ ತಪ್ಪುತ್ತದೆ. ಬೆಲ್ಲ ಹೊಸದಾಗಿರಲಿ, ಹಳೆಯ ಕಪ್ಪು ಬೆಲ್ಲದಲ್ಲಿ ಹುಳಿ ಹೆಚ್ಚು.

ಎಳೆಚಿಗುರು (ಪ್ರಶ್ನೆ ಕೇಳಿದವರು)

ಇಬ್ಬರಿಗೂ ಕೃತಜ್ಞತೆಗಳು. ಎರಡು ಪಾತ್ರೆಗಳ ವಿಧಾನದಿಂದ ಹಸಿರು ಚಹಾ ಮಾಡಿ ನೋಡಿದೆ, ಕಹಿ ಬಹಳ ಮಟ್ಟಿಗೆ ಕಡಿಮೆಯಾಗಿದೆ, ಬೇಯಿಸಿದ ಹಸಿ ಬಟಾಣಿಯ ಹಾಗೆ ಒಂದು ಮೆಲುವಾದ ಸಿಹಿ ನಾಲಿಗೆಯ ಮೇಲೆ ಉಳಿಯುತ್ತದೆ. ನೀರಿನ ಮೇಲಿನ ಪೊರೆಯ ವಿಚಾರ ಮಾತ್ರ ಇನ್ನೂ ಉಳಿದಿದೆ. ಜೊತೆಗೆ, ಮನೆಯ ಹಿರಿಯರು ತಿಂಡಿಯ ಜೊತೆಗೇ ಚಹಾ ಕುಡಿಯುತ್ತಾರೆ. ಅವರಿಗೆ ರಕ್ತಹೀನತೆ ಇರುವುದರಿಂದ ಹಾಗೆ ಕುಡಿಯಬಾರದೆಂದು ಯಾರೋ ಹೇಳಿದರು. ಅದು ನಿಜವೇ?

ಉತ್ತರ 3: ರಸಾಯನಪ್ರಿಯ (ಮೈಸೂರು)

ಪೊರೆಗೆ ಕಾರಣ ಗಡಸು ನೀರು. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚಿರುತ್ತವೆ. ಚಹಾಕ್ಕೆ ಒಗರು ಕೊಡುವ ಪಾಲಿಫಿನಾಲ್ ಎಂಬ ಪದಾರ್ಥಗಳು ಇವುಗಳ ಸಮ್ಮುಖದಲ್ಲಿ ನೀರಿನ ಮೇಲ್ಮೈಯಲ್ಲಿ ಗಾಳಿಯ ಆಮ್ಲಜನಕದೊಡನೆ ವರ್ತಿಸಿ ತೆಳು ಪೊರೆಯಾಗುತ್ತವೆ, ಲೋಟದ ಅಂಚಿನಲ್ಲಿ ಕಂದು ಕಲೆ ಉಳಿಸುವುದೂ ಅದೇ. ಬೈಕಾರ್ಬೊನೇಟು ಚಹಾದ ಸಹಜವಾದ ಸಣ್ಣ ಹುಳಿಯನ್ನೂ ತಗ್ಗಿಸುವುದರಿಂದ ಬಣ್ಣ ಕಪ್ಪಿಟ್ಟು, ರುಚಿ ಚಪ್ಪೆಯಾಗುತ್ತದೆ. ಕೆಲವು ಹನಿ ನಿಂಬೆರಸ ಹಾಕಿದ ಕೂಡಲೇ ಪೊರೆ ಮಾಯವಾಗಿ ಬಣ್ಣ ತಿಳಿಯಾಗುವುದನ್ನು ನೀವೇ ನೋಡಬಹುದು. ಕಪ್ಪು ಚಹಾಕ್ಕೆ ಕೆಂಗಂದು ಬಣ್ಣ ಕೊಡುವ ಥಿಯರೂಬಿಜಿನ್‌ಗಳು ಹುಳಿಯಲ್ಲಿ ತಿಳಿಯಾಗುತ್ತವೆ, ಕ್ಷಾರದಲ್ಲಿ ಕಪ್ಪಾಗುತ್ತವೆ. ಕಾಶ್ಮೀರದ ಉಪ್ಪು ಚಹಾ ಗುಲಾಬಿ ಬಣ್ಣ ಪಡೆಯುವುದೂ ಇಂತಹದೇ ಗುಣದಿಂದ. ಅಲ್ಲಿ ಹಸಿರು ಚಹಾದ ಎಲೆಯನ್ನು ಅಡುಗೆ ಸೋಡಾ ಹಾಕಿ ಬಹಳ ಹೊತ್ತು ಕುದಿಸಿ, ಸೌಟಿನಿಂದ ಎತ್ತಿ ಎತ್ತಿ ಸುರಿದು ಗಾಳಿಯಾಡಿಸಿ, ಕಡುಗೆಂಪು ರಸ ತೆಗೆದು, ಅದಕ್ಕೆ ಹಾಲು ಮತ್ತು ಉಪ್ಪು ಬೆರೆಸುತ್ತಾರೆ. ಕುದಿಸಲೇಬೇಕಾದ ಎಲೆಚಹಾ ಎಂದರೆ ಅದೊಂದು.

ಹಾಗಾಗಿ ಹಾಲಿಲ್ಲದ ಚಹಾಕ್ಕೆ ಕಾವೇರಿ ನೀರನ್ನೇ ಬಳಸಿ, ಆ ದಿನ ಒಂದು ಬಾಟಲಿ ತೆಗೆದಿಡಿ. ಆರ್‌ಒ ಯಂತ್ರದ ನೀರೂ ಆಗುತ್ತದೆ, ಆದರೆ ಖನಿಜಗಳನ್ನು ಪೂರ್ತಿ ತೆಗೆದುಹಾಕಿದ ನೀರಿನಲ್ಲಿ ಚಹಾ ತೆಳುವಾಗಿ, ಒಗರು ಮುಂದಾಗಿ ತೋರುತ್ತದೆ. ಯಂತ್ರದಲ್ಲಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಖನಿಜ ಮತ್ತು ಲವಣಗಳ ಪ್ರಮಾಣ, ಹೊಂದಿಸುವ ತಿರುಪು ಇದ್ದರೆ ಅದನ್ನು ಲೀಟರಿಗೆ 50ರಿಂದ 150 ಮಿಲಿಗ್ರಾಂ ನಡುವೆ ಇರಿಸಿಕೊಳ್ಳುವುದು ಒಳ್ಳೆಯದು. ಹಾಲಿನ ಚಹಾದಲ್ಲಿ ನೀರಿನ ದೋಷ ಅಷ್ಟಾಗಿ ತಿಳಿಯುವುದಿಲ್ಲ, ಅಲ್ಲಿ ಬೋರ್‌ವೆಲ್ ನೀರು ನಡೆಯುತ್ತದೆ.

ತಿಂಡಿಯ ಜೊತೆ ಚಹಾ ಬೇಡವೆಂಬ ಮಾತು ನಿಜ. ಚಹಾದ ಪಾಲಿಫಿನಾಲ್‌ಗಳು ಸೊಪ್ಪು, ಕಾಳು, ರಾಗಿಯಂತಹ ಸಸ್ಯಾಹಾರದ ಕಬ್ಬಿಣಾಂಶವನ್ನು ಹಿಡಿದುಕೊಂಡು ದೇಹ ಅದನ್ನು ಹೀರದಂತೆ ಮಾಡುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಊಟಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಚಹಾ, ಕಾಫಿ ಬೇಡವೆಂದೇ ಹೇಳುತ್ತದೆ. ದಿನಕ್ಕೆ 300 ಮಿಲಿಗ್ರಾಂ ಕೆಫೀನನ್ನು ಮೀರಬಾರದೆಂಬ ಸಲಹೆಯೂ ಅದರಲ್ಲಿದೆ, ಒಂದು ಕಪ್ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ. ಹಾಲು ಹಾಕಿದರೆ ಈ ತೊಂದರೆ ನೀಗುತ್ತದೆಂದು ಭಾವಿಸಬೇಡಿ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಚಹಾದ ಜೊತೆ ನುಂಗಲೇಬಾರದು. ಇದನ್ನು ಅವರ ವೈದ್ಯರ ಬಳಿಯೂ ಒಮ್ಮೆ ಮಾತಾಡಿ.

ಉತ್ತರ 4: ಕನ್ನಡಿಗ (ಷಿಜುವೊಕಾ, ಜಪಾನ್)

ಹಸಿರು ಚಹಾದ ಬಗ್ಗೆ ಒಂದು ಸಣ್ಣ ಸೇರ್ಪಡೆ. ನಾನಿರುವ ಪ್ರಾಂತ್ಯ ಇಲ್ಲಿಯ ಹೆಸರಾಂತ ಚಹಾ ಸೀಮೆ. ಇಲ್ಲಿ ಸೆಂಚಾ ಎಂಬ ಹಸಿರು ಚಹಾಕ್ಕೆ ಎಲೆಯನ್ನು ಹಬೆಯಲ್ಲಿ ಬೇಯಿಸುತ್ತಾರೆ. ಚೀನಾದ ಹೆಚ್ಚಿನ ಹಸಿರು ಚಹಾಗಳನ್ನು ಬಾಣಲೆಯಲ್ಲಿ ಹುರಿಯುತ್ತಾರೆ. ಹಬೆಯದಕ್ಕೆ ಸೊಪ್ಪಿನ, ಕಡಲಪಾಚಿಯ ಸೊಗಡು, ಹುರಿದದ್ದಕ್ಕೆ ಹುರಿಗಾಳಿನ ಸೊಗಡು. ಸೆಂಚಾಕ್ಕೆ 70ರಿಂದ 80 ಡಿಗ್ರಿ ನೀರು, ಒಂದರಿಂದ ಒಂದೂವರೆ ನಿಮಿಷ ಸಾಕು. ನೆರಳಿನಲ್ಲಿ ಬೆಳೆಸುವ ಗ್ಯೊಕುರೊ ಚಹಾಕ್ಕಾದರೆ 50, 60 ಡಿಗ್ರಿಯ ನೀರೇ ಸಾಕು.

ನೀಲಗಿರಿವಾಸಿಯವರು ಹೇಳಿದ ಪಾತ್ರೆ ಬದಲಾಯಿಸುವ ಕ್ರಮವನ್ನು ಇಲ್ಲಿ ಕುಡಿಯುವ ಬಟ್ಟಲುಗಳಿಂದಲೇ ಮಾಡುತ್ತಾರೆ: ಕುದಿದ ನೀರನ್ನು ಮೊದಲು ಬಟ್ಟಲುಗಳಿಗೆ ಸುರಿದು, ಅವು ಬೆಚ್ಚಗಾದ ಮೇಲೆ ಆ ನೀರನ್ನೇ ಎಲೆಯ ಮೇಲೆ ಹಾಕುತ್ತಾರೆ. ನೀರಿನ ಅಳತೆಯೂ ತಾನಾಗಿ ಸರಿಹೋಗುತ್ತದೆ. ಸಿದ್ಧವಾದ ಚಹಾವನ್ನು ಬಡಿಸುವಾಗ ಒಂದಕ್ಕಿಂತ ಹೆಚ್ಚು ಬಟ್ಟಲುಗಳಿದ್ದರೆ ಒಂದನ್ನು ಪೂರ್ತಿ ತುಂಬಿಸಿ ಇನ್ನೊಂದಕ್ಕೆ ಹೋಗುವುದಿಲ್ಲ, ಸ್ವಲ್ಪ ಸ್ವಲ್ಪವೇ ಸುತ್ತು ಹಾಕಿ ಸುರಿಯುತ್ತಾರೆ, ಎಲ್ಲರಿಗೂ ಒಂದೇ ಕಡುಪಿನ ಚಹಾ ಸಿಗಲೆಂದು. ಚಹಾಪಾತ್ರೆಯಲ್ಲಿ ಕೊನೆಯ ಹನಿಯನ್ನೂ ಬಿಡಬಾರದು. ಉಳಿದ ನೀರಿನಲ್ಲಿ ಎಲೆ ನೆನೆಯುತ್ತಿದ್ದರೆ ಎರಡನೆಯ ಸುತ್ತಿನ ಚಹಾ ಕಹಿಯಾಗುತ್ತದೆ.

ಉತ್ತರ 5: ಕಡಲತಡಿ (ಮಂಗಳೂರು)

ಕರಾವಳಿಯಲ್ಲಿ ನಾವು ‘ಕಣ್ಣ ಚಾ’ ಎನ್ನುವ ಹಾಲಿಲ್ಲದ ಚಹಾ ಬಹಳ ಮನೆಗಳಲ್ಲಿ ನಡೆಯುತ್ತದೆ, ಅದನ್ನು ಇಲ್ಲಿ ಯಾರೂ ಹೇಳಲಿಲ್ಲವೆಂದು ಬರೆಯುತ್ತಿದ್ದೇನೆ. ಎಲೆಚಹಾ ಇಲ್ಲದವರು ಮನೆಯ ಪುಡಿಯಿಂದಲೇ ಒಳ್ಳೆಯ ಹಾಲಿಲ್ಲದ ಚಹಾ ಮಾಡಬಹುದು, ಆದರೆ ಪುಡಿಯ ಪ್ರಮಾಣ ಹಾಲಿನ ಚಹಾದ ಮೂರನೇ ಒಂದು ಪಾಲಿಗೆ ಇಳಿಯಬೇಕು. ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಒಂದು ಲೋಟಕ್ಕೆ ಕಾಲು ಚಮಚಕ್ಕಿಂತ ತುಸು ಹೆಚ್ಚು ಪುಡಿ ಹಾಕಿ, ಒಂದು ನಿಮಿಷ ಮುಚ್ಚಿಟ್ಟು ಸೋಸಿ, ಸಕ್ಕರೆ ಅಥವಾ ಬೆಲ್ಲ ಬೆರೆಸಿ, ಕೊನೆಗೆ ನಿಂಬೆರಸ ಹಿಂಡಬೇಕು. ಹಾಲಿಲ್ಲದಿರುವುದರಿಂದ ಬೆಲ್ಲಕ್ಕೆ ಇಲ್ಲಿ ಯಾವ ಅಡ್ಡಿಯೂ ಇಲ್ಲ. ಮಜ್ಜಿಗೆ ಹುಲ್ಲಿನ ಎರಡು ಎಸಳನ್ನು ಗಂಟು ಹಾಕಿ ನೀರಿನಲ್ಲಿ ಕುದಿಸಿ, ಆಮೇಲೆ ಪುಡಿ ಹಾಕಿದರೆ ಮಳೆಗಾಲದ ಸಂಜೆಗೆ ಅದಕ್ಕಿಂತ ಹಿತವಾದದ್ದು ನನಗೆ ಗೊತ್ತಿಲ್ಲ.

ಚಹಾವನ್ನು ಇಡುವ ವಿಷಯದಲ್ಲಿ ನಮ್ಮೂರಿನ ತೇವಾಂಶ ಕಲಿಸಿದ್ದನ್ನು ಹೇಳುತ್ತೇನೆ. ಒಣ ಚಹಾ ತೇವವನ್ನೂ ವಾಸನೆಯನ್ನೂ ಬಹಳ ಬೇಗ ಹೀರುತ್ತದೆ. ಇಂಗು, ಸಾರಿನ ಪುಡಿ, ಬತ್ತಿ ಕರ್ಪೂರ ಇರುವ ಕಪಾಟಿನಲ್ಲಿ ಅದನ್ನು ಇಡಬೇಡಿ. ಗಾಜಿನ ಭರಣಿ ಅಂದವಾಗಿ ಕಂಡರೂ ಬೆಳಕು ಒಳಹೋಗಿ ಹಸಿರು ಚಹಾದ ಬಣ್ಣ ಮಾಸುತ್ತದೆ, ಬಿಗಿ ಮುಚ್ಚಳದ ತಗಡು ಅಥವಾ ಸ್ಟೀಲಿನ ಡಬ್ಬಿಯೇ ಒಳ್ಳೆಯದು. ಡಬ್ಬಿ ದೊಡ್ಡದಾಗಿ ಚಹಾ ಕಡಿಮೆಯಿದ್ದರೆ ಒಳಗಿನ ಗಾಳಿಯೇ ಅದನ್ನು ಹಾಳು ಮಾಡುತ್ತದೆ, ಆದ್ದರಿಂದ ಬೇಕಾದಷ್ಟನ್ನು ಸಣ್ಣ ಡಬ್ಬಿಗೆ ತೆಗೆದುಕೊಂಡು ಉಳಿದದ್ದನ್ನು ಪೊಟ್ಟಣದಲ್ಲೇ ಗಾಳಿ ಒತ್ತಿ ಕಟ್ಟಿಡಿ. ಒದ್ದೆ ಚಮಚ ಹಾಕಬಾರದೆಂದು ಮನೆಯವರಿಗೆಲ್ಲ ಹೇಳಿಡಿ.

ಬೇಸಿಗೆಗೆ ಇನ್ನೊಂದು ದಾರಿಯಿದೆ. ಒಂದು ಲೀಟರ್ ತಣ್ಣೀರಿಗೆ 8ರಿಂದ 10 ಗ್ರಾಂ ಹಸಿರು ಚಹಾ ಅಥವಾ ನೀಲಗಿರಿ ಎಲೆ ಹಾಕಿ ಫ್ರಿಜ್‌ನಲ್ಲಿ 6ರಿಂದ 8 ಗಂಟೆ ಇಟ್ಟು ಸೋಸಿ. ತಣ್ಣೀರಿನಲ್ಲಿ ಒಗರು ಮತ್ತು ಕೆಫೀನ್ ಕಡಿಮೆ ಇಳಿಯುವುದರಿಂದ ಸಕ್ಕರೆಯೇ ಇಲ್ಲದೆ ಕುಡಿಯಬಹುದು. ಹೊರಗೆ ಬಿಸಿಲಿನಲ್ಲಿಟ್ಟು ಮಾಡುವ ಪದ್ಧತಿಯನ್ನೂ ಕೆಲವರು ಹೇಳುತ್ತಾರೆ, ಆದರೆ ಆ ಬೆಚ್ಚನೆಯ ನೀರಿನಲ್ಲಿ ಸೂಕ್ಷ್ಮಾಣುಗಳು ಬೆಳೆಯುವ ಸಂಭವವಿರುವುದರಿಂದ ಫ್ರಿಜ್ ಒಂದೇ ಸುರಕ್ಷಿತ. ಅದರಲ್ಲೂ ಎರಡು ದಿನದೊಳಗೆ ಮುಗಿಸಿಬಿಡಿ.

ಎಳೆಚಿಗುರು

ನೀರಿನ ವಿಚಾರ ಸಂಪೂರ್ಣ ಅರ್ಥವಾಯಿತು, ಹಿರಿಯರ ಚಹಾದ ಹೊತ್ತನ್ನೂ ಬದಲಾಯಿಸಿದ್ದೇವೆ. ಜಪಾನಿನ ಮಿತ್ರರು ಎರಡನೆಯ ಸುತ್ತಿನ ಮಾತು ಹೇಳಿದ್ದರಿಂದ ಒಂದೇ ಪ್ರಶ್ನೆ ಉಳಿದಿದೆ: ನನ್ನ ಬಳಿಯಿರುವ ಮೂರು ಚಹಾಗಳಲ್ಲಿ ಯಾವ ಎಲೆಯನ್ನು ಮತ್ತೆ ಬಳಸಬಹುದು? ಬೆಳಿಗ್ಗೆ ಬಳಸಿದ ಎಲೆಯನ್ನು ಸಂಜೆಗೆ ಇಡಬಹುದೇ? ಇದೇ ವಿಧಾನಕ್ಕೆ ಹೊಂದುವ ಚಹಾ ಕರ್ನಾಟಕದಲ್ಲಿಯೂ ಸಿಗುತ್ತದೆಯೇ?

ನೀಲಗಿರಿವಾಸಿ

ಹಸಿರು ಚಹಾವನ್ನು ಧಾರಾಳವಾಗಿ ಎರಡನೆಯ ಸಲ ಬಳಸಿ. ಎಲೆ ಆಗಲೇ ಅರಳಿರುವುದರಿಂದ ಎರಡನೆಯ ಸುತ್ತಿಗೆ ನೀರು ಸ್ವಲ್ಪ ಹೆಚ್ಚು ಬಿಸಿಯಿರಲಿ, ಹೊತ್ತು ಕಡಿಮೆಯಿರಲಿ, ಒಂದು ನಿಮಿಷ ಸಾಕು. ಡಾರ್ಜಿಲಿಂಗಿನ ಮೊದಲ ಕೊಯ್ಲೂ ಎರಡು ಸಲ ಬರುತ್ತದೆ, ಎರಡನೆಯದಕ್ಕೆ 4ರಿಂದ 5 ನಿಮಿಷ ಕೊಡಿ. ಅದು ತೆಳುವಾಗಿದ್ದರೂ ಪರಿಮಳ ಉಳಿದಿರುತ್ತದೆ. ನೀಲಗಿರಿಯ ಕಪ್ಪು ಚಹಾ ಮೊದಲ ಸಲವೇ ತನ್ನದೆಲ್ಲವನ್ನೂ ಕೊಟ್ಟುಬಿಡುವುದರಿಂದ ಅದನ್ನು ಮತ್ತೆ ನೆನೆಸಬೇಕೆಂದು ನಾನು ಹೇಳುವುದಿಲ್ಲ. ಹಲವು ಸಲ ನೆನೆಸಲು ನಿಜವಾಗಿ ತಕ್ಕದ್ದು ಅರೆ ಆಕ್ಸೀಕರಣಗೊಂಡ ಊಲಾಂಗ್, ಮುಂದೆ ಸಿಕ್ಕರೆ ಪ್ರಯತ್ನಿಸಿ. 85ರಿಂದ 95 ಡಿಗ್ರಿ ನೀರಿನಲ್ಲಿ ಉಂಡೆಗಟ್ಟಿದ ಎಲೆ ಸುತ್ತಿನಿಂದ ಸುತ್ತಿಗೆ ಬಿಚ್ಚಿಕೊಳ್ಳುತ್ತಾ ಬೇರೆ ಬೇರೆ ರುಚಿ ತೋರುತ್ತದೆ.

ಬೆಳಗಿನ ಎಲೆಯನ್ನು ಸಂಜೆಗೆ ಇಡಬೇಡಿ. ಒದ್ದೆ ಎಲೆ ಕೋಣೆಯ ಬಿಸಿಯಲ್ಲಿ ಕೆಲವೇ ಗಂಟೆಗಳಲ್ಲಿ ಹುಳಿ ವಾಸನೆಗೆ ತಿರುಗುತ್ತದೆ. ಎರಡನೆಯ ಸುತ್ತನ್ನು ಮೊದಲನೆಯದರ ಬೆನ್ನಿಗೇ, ಅರ್ಧ ಗಂಟೆಯೊಳಗೆ ಮಾಡಿಕೊಳ್ಳಿ. ಕರ್ನಾಟಕದ ಚಹಾದ ಬಗ್ಗೆ ಕೇಳಿದ್ದೀರಿ. ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನಲ್ಲಿಯೂ ಕೊಡಗಿನಲ್ಲಿಯೂ ಕಾಫಿಯ ನೆರೆಯಲ್ಲೇ ಚಹಾ ಬೆಳೆಯುತ್ತದೆ. ಕೊಳ್ಳುವಾಗ ಸಿಟಿಸಿಯೋ ಎಲೆಯೋ ಎಂಬುದನ್ನು ಪೊಟ್ಟಣದ ಮೇಲೆ ನೋಡಿಕೊಳ್ಳಿ. ಕಾಳುಕಾಳಾಗಿದ್ದರೆ ಧಾರವಾಡದವರು ಹೇಳಿದಂತೆ ಹಾಲಿಗೆ, ಇಡಿ ಎಲೆಯಾಗಿದ್ದರೆ ನೀಲಗಿರಿ ಚಹಾದಂತೆ ಕುದಿದ ನೀರು ಸುರಿದು 3 ನಿಮಿಷ. ಮೊದಲ ಸಲ 100 ಗ್ರಾಂಗಿಂತ ಹೆಚ್ಚು ಕೊಳ್ಳಬೇಡಿ, ಪೊಟ್ಟಣದ ಮೇಲಿನ ತಯಾರಿಕೆಯ ತಿಂಗಳನ್ನೂ ಗಮನಿಸಿ. ಹಸಿರು ಚಹಾವನ್ನು ತೆರೆದ ಮೇಲೆ ಎರಡು ಮೂರು ತಿಂಗಳೊಳಗೆ ಮುಗಿಸುವುದು ಒಳ್ಳೆಯದು, ಕಪ್ಪು ಚಹಾ ಒಂದು ವರ್ಷ ಧಾರಾಳವಾಗಿ ಬಾಳುತ್ತದೆ.